ಹಾಜರಿ ಪುಸ್ತಕದ ಆಚೆ: ತರಗತಿಯ ಶಿಸ್ತು ಮತ್ತು ವಿದ್ಯಾರ್ಥಿಯ ಖಾಸಗಿತನ

‘ಅಪ್ಪನ ಹೆಸರೇನು?’ ಎಂಬುದು ನಮ್ಮ ಶಾಲೆ ಕಾಲೇಜುಗಳಲ್ಲಿ ತೀರ ಸಾಮಾನ್ಯವಾದ ಪ್ರಶ್ನೆ. ಪ್ರವೇಶದ ಅರ್ಜಿ, ವಿದ್ಯಾರ್ಥಿವೇತನದ ಅರ್ಜಿ, ಬಸ್ ಪಾಸಿನ ಅರ್ಜಿ, ಪರೀಕ್ಷೆಯ ಅರ್ಜಿ, ಯಾವುದನ್ನು ತುಂಬಿಸಿಕೊಳ್ಳುವಾಗಲೂ ಮೇಜಿನ ಹಿಂದೆ ಕುಳಿತ ಅಧ್ಯಾಪಕ ಎಪ್ಪತ್ತು ಎಂಬತ್ತು ಮಂದಿಯ ಎದುರಿಗೆ ಗಟ್ಟಿಯಾಗಿ ಇದನ್ನು ಕೇಳುತ್ತಾನೆ. ಹೊಸಪೇಟೆ, ಸಂಡೂರು, ಕಂಪ್ಲಿ, ಕೂಡ್ಲಿಗಿ ಸೀಮೆಯಲ್ಲಿ ಪಾಠ ಹೇಳಿದವರಿಗೆ ಈ ಪ್ರಶ್ನೆಗೆ ಕೆಲವೊಮ್ಮೆ ಉತ್ತರವೇ ಬಾರದೆ ಹೋಗುವುದು ಗೊತ್ತು. ಹುಡುಗಿ ತಲೆ ತಗ್ಗಿಸುತ್ತಾಳೆ. ಎರಡನೆಯ ಸಲ ಕೇಳಿದಾಗಲೂ ಮೌನ. ಮೂರನೆಯ ಸಲಕ್ಕೆ ಅಧ್ಯಾಪಕನ ದನಿ ಏರುತ್ತದೆ: ‘ಬಾಯಿಲ್ಲವೇನಮ್ಮ?’ ಅಲ್ಲಿಗೆ ಒಂದು ಖಾಸಗಿ ಸಂಗತಿಯು ಶಿಸ್ತಿನ ಪ್ರಶ್ನೆಯಾಗಿ ಮಾರ್ಪಟ್ಟಿರುತ್ತದೆ. ಹೇಳಲಾಗದ್ದನ್ನು ಹೇಳದೆ ಉಳಿದವಳು ಉದ್ಧಟಳಾಗಿರುತ್ತಾಳೆ.

ಈ ಸೀಮೆಯ ಮೇಲೆ ದೇವದಾಸಿ ಪದ್ಧತಿಯ ನೆರಳು ಇರುವುದನ್ನು ನಾವು ಸಂಶೋಧನ ಪ್ರಬಂಧಗಳಲ್ಲಿ ಬಹಳ ಬರೆದಿದ್ದೇವೆ. ದೇವದಾಸಿ ಸಮರ್ಪಣೆಯನ್ನು ನಿಷೇಧಿಸಿದ ಕರ್ನಾಟಕದ ಕಾಯಿದೆ ೧೯೮೨ರದು. ೧೯೯೩-೯೪ ಮತ್ತು ೨೦೦೭-೦೮ರ ಎರಡು ಸಮೀಕ್ಷೆಗಳಲ್ಲಿ ರಾಜ್ಯದಲ್ಲಿ ಗುರುತಿಸಲಾದ ಮಾಜಿ ದೇವದಾಸಿ ಮಹಿಳೆಯರ ಸಂಖ್ಯೆ ೪೬,೬೬೦. ಅವರ ಮಕ್ಕಳು, ಮೊಮ್ಮಕ್ಕಳು ಇಂದು ನಮ್ಮ ಬೆಂಚುಗಳ ಮೇಲೆ ಕುಳಿತಿದ್ದಾರೆ. ೨೦೨೫ರಲ್ಲಿ ವಿಧಾನಮಂಡಲವು ಅಂಗೀಕರಿಸಿದ ಹೊಸ ಶಾಸನವು ಈ ಮಕ್ಕಳ ದಾಖಲೆಗಳಲ್ಲಿ ತಂದೆಯ ಹೆಸರನ್ನು ಕಡ್ಡಾಯಗೊಳಿಸಬಾರದೆಂಬ ನಿಲುವನ್ನು ತಳೆದಿದೆ. ಶಾಸನದಲ್ಲಿ ಒಂದು ಅಂಕಣ ಸಡಿಲಾಯಿತು. ಆದರೆ ಆ ಅಂಕಣವನ್ನು ಗಟ್ಟಿಯಾಗಿ ಓದಿ ಹೇಳುವ ನಮ್ಮ ದನಿ ಸಡಿಲಾಗಿದೆಯೆ ಎಂಬುದೇ ನನ್ನ ಪ್ರಶ್ನೆ.

ತರಗತಿಯನ್ನು ಹತೋಟಿಯಲ್ಲಿಡುವುದು ಹೇಗೆ ಎಂಬ ಬಗೆಗೆ ನಮ್ಮಲ್ಲಿ ಚರ್ಚೆಗಳು ನಡೆದಿವೆ. ವಿದ್ಯಾರ್ಥಿಯ ಖಾಸಗಿತನದ ಬಗೆಗೂ ಈಚೆಗೆ ಮಾತುಗಳು ಕೇಳಿಬರುತ್ತಿವೆ. ಆದರೆ ಇವೆರಡೂ ಒಂದೇ ಕೋಣೆಯಲ್ಲಿ, ಒಂದೇ ಗಳಿಗೆಯಲ್ಲಿ ಎದುರುಬದುರಾಗುತ್ತವೆ ಎಂಬುದನ್ನು ನಾವು ಗಮನಿಸಿದ್ದು ಕಡಿಮೆ. ನಾವು ಶಿಸ್ತಿನ ಹೆಸರಿನಲ್ಲಿ ಬಳಸುವ ಸಾಧನಗಳಲ್ಲಿ ಹೆಚ್ಚಿನವು ವಿದ್ಯಾರ್ಥಿಯ ಬದುಕಿನ ಒಂದಲ್ಲ ಒಂದು ಸಂಗತಿಯನ್ನು ಹತ್ತು ಜನರೆದುರು ಬಯಲಿಗೆಳೆಯುವುದನ್ನೇ ಆಧರಿಸಿವೆ ಎಂಬುದು ನನ್ನ ಅಭಿಪ್ರಾಯ. ಇದಕ್ಕೆ ಮೊದಲ ಸಾಕ್ಷಿ ನಾನೇ.

ತೋರಣಗಲ್ಲಿನ ಮಗ್ಗುಲಲ್ಲಿರುವ ಕುರೆಕುಪ್ಪ ಸಂಡೂರು ತಾಲ್ಲೂಕಿನ ಊರು; ಗ್ರಾಮ ಪಂಚಾಯಿತಿಯಾಗಿದ್ದದ್ದು ಈಗ ಪುರಸಭೆಯಾಗಿದೆ. ಪಕ್ಕದ ಉಕ್ಕಿನ ಕಾರ್ಖಾನೆ ಬಂದ ಮೇಲೆ ಊರಿನ ಸ್ವರೂಪವೇ ಬದಲಾಯಿತು. ಹೊಲವಿದ್ದವರು ಬಾಡಿಗೆ ಕೋಣೆಗಳ ಸಾಲು ಕಟ್ಟಿಸಿದರು. ಬಿಹಾರ, ಒಡಿಶಾ, ಜಾರ್ಖಂಡ್ ಕಡೆಯ ಕಾರ್ಮಿಕರೂ, ರಾಯಚೂರು ಕೊಪ್ಪಳಗಳ ಕಡೆಯಿಂದ ಬಂದ ಕುಟುಂಬಗಳೂ ಆ ಕೋಣೆಗಳಲ್ಲಿ ನೆಲೆನಿಂತವು. ಕನ್ನಡ, ತೆಲುಗು, ಉರ್ದು, ಲಂಬಾಣಿ, ಹಿಂದಿ ಒಂದೇ ಓಣಿಯಲ್ಲಿ ಕೇಳಿಸುತ್ತವೆ. ಅಲ್ಲಿಂದ ನಮ್ಮ ಪದವಿ ತರಗತಿಗೆ ಬರುತ್ತಿದ್ದ ಹುಡುಗನೊಬ್ಬ ಕೆಲವು ವರ್ಷಗಳ ಹಿಂದೆ ನನ್ನ ಮೊದಲ ಅವಧಿಯಲ್ಲಿಯೇ ನಿದ್ದೆ ಮಾಡುತ್ತಿದ್ದ. ನಾನು ಹಳಗನ್ನಡ ಹೇಳುತ್ತಿದ್ದೆ. ನಿದ್ದೆ ಬರುವುದರಲ್ಲಿ ತಪ್ಪೇನೂ ಇರಲಿಲ್ಲವೆಂದು ಈಗ ತಮಾಷೆ ಮಾಡಬಹುದು. ಅಂದು ಮಾತ್ರ ಅವನನ್ನು ನಿಲ್ಲಿಸಿ ‘ರಾತ್ರಿಯೆಲ್ಲ ಏನು ಕಡಿದು ಕಟ್ಟೆ ಹಾಕುತ್ತಿದ್ದೆಯಪ್ಪ?’ ಎಂದು ಕೇಳಿದೆ. ತರಗತಿ ನಕ್ಕಿತು. ತರಗತಿ ನಕ್ಕರೆ ಅಧ್ಯಾಪಕ ಗೆದ್ದಂತೆ ಎಂಬುದು ನಮ್ಮ ವೃತ್ತಿಯ ಹಳೆಯ ಭ್ರಮೆ. ಅವನು ಉತ್ತರಿಸಲಿಲ್ಲ. ಮರುದಿನವೂ ಕೇಳಿದೆ. ಮೂರನೆಯ ದಿನ ‘ಕಾರಣ ಹೇಳದಿದ್ದರೆ ಹಾಜರಿ ಇಲ್ಲ’ ಎಂದೆ. ಅವನು ಪುಸ್ತಕ ಎತ್ತಿಕೊಂಡು ಹೊರಗೆ ಹೋದ. ಹದಿನೈದು ದಿನ ಬರಲಿಲ್ಲ.

ಅವನ ತಂದೆಗೆ ಕ್ಷಯರೋಗವಿತ್ತು, ಚಿಕಿತ್ಸೆ ನಡೆದಿತ್ತು, ಕೆಲಸ ನಿಂತಿತ್ತು. ಮಗ ರಾತ್ರಿ ಲಾರಿಗಳಿಗೆ ಸರಕು ಹೇರುವ ಕಡೆ ಕೂಲಿಗೆ ಹೋಗುತ್ತಿದ್ದ. ಇದು ನನಗೆ ತಿಳಿದದ್ದು ಬಹಳ ತಡವಾಗಿ, ಅದೂ ಬೇರೆಯವರ ಬಾಯಿಂದ. ನನ್ನನ್ನು ಹೆಚ್ಚು ಕಲಕಿದ್ದು ಇದಲ್ಲ. ಅವರು ಬಾಡಿಗೆಗಿದ್ದ ಕೋಣೆಯ ಮಾಲೀಕರ ಮನೆಯ ಹುಡುಗನೂ ಅದೇ ತರಗತಿಯಲ್ಲಿದ್ದ. ರೋಗದ ಹೆಸರು ಹೊರಬಿದ್ದರೆ ಮನೆ ಖಾಲಿ ಮಾಡಬೇಕಾಗಿ ಬಂದೀತೆಂಬ ಭಯಕ್ಕೆ ಆ ಕುಟುಂಬ ತಿಂಗಳುಗಟ್ಟಲೆ ಅದನ್ನು ಬಚ್ಚಿಟ್ಟಿತ್ತು. ನಾನು ಮೂರು ದಿನ ಬಿಡದೆ ಹೊರಗೆ ಎಳೆಯಲು ಹೊರಟಿದ್ದು ಅದನ್ನೇ. ಆ ಹುಡುಗ ನನ್ನ ಪ್ರಶ್ನೆಗೆ ಪ್ರಾಮಾಣಿಕವಾಗಿ ಉತ್ತರಿಸಿದ್ದರೆ ಅವನ ಕುಟುಂಬ ಸೂರು ಕಳೆದುಕೊಳ್ಳುತ್ತಿತ್ತೋ ಏನೋ. (ಇದನ್ನು ಬರೆಯುವಾಗಲೂ ಅವನ ಗುರುತು ಹತ್ತದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಅಷ್ಟು ಸಾಕೆ ಎಂಬ ಅಳುಕು ಉಳಿದೇ ಇದೆ.)

ತರಗತಿಯಲ್ಲಿ ನಿದ್ದೆ ಮಾಡಬಾರದೆಂದು ಹೇಳುವ ಅಧಿಕಾರ ನನಗೆ ಇತ್ತು, ಈಗಲೂ ಇದೆ. ‘ಎದ್ದು ಮುಖ ತೊಳೆದು ಬಾ’ ಎಂದಿದ್ದರೆ ಶಿಸ್ತಿನ ಕೆಲಸ ಅಲ್ಲಿಗೆ ಮುಗಿಯುತ್ತಿತ್ತು. ಅದರಾಚೆಗೆ ನಾನು ಕೇಳಿದ್ದು ವರ್ತನೆಗೆ ಸಂಬಂಧಿಸಿದ್ದಲ್ಲ, ಕಾರಣಕ್ಕೆ ಸಂಬಂಧಿಸಿದ್ದು. ವರ್ತನೆ ನಡೆಯುವುದು ತರಗತಿಯಲ್ಲಿ. ಅದರ ಮೇಲೆ ಅಧ್ಯಾಪಕನಿಗೆ ಹಕ್ಕಿದೆ. ಕಾರಣ ಇರುವುದು ಮನೆಯಲ್ಲಿ, ಮೈಯಲ್ಲಿ, ಮನಸ್ಸಿನಲ್ಲಿ. ಅದನ್ನು ವಿದ್ಯಾರ್ಥಿ ತಾನಾಗಿ ಕೊಟ್ಟರೆ ಸ್ವೀಕರಿಸಬಹುದೇ ವಿನಾ ಎಲ್ಲರೆದುರು ವಸೂಲು ಮಾಡುವಂತಿಲ್ಲ.

‘ವಸೂಲು’ ಎಂಬ ಪದ ಸುಮ್ಮನೆ ಬಂದದ್ದಲ್ಲ. ಕನ್ನಡ ಚರಿತ್ರೆಯಲ್ಲಿ ‘ಶಿಸ್ತು’ ಎಂಬ ಮಾತು ಕಂದಾಯದ ಪರಿಭಾಷೆಯಾಗಿ ಪ್ರಸಿದ್ಧವಾದದ್ದನ್ನು ಇಲ್ಲಿ ನೆನೆಯಬಹುದು. ಹದಿನೇಳನೆಯ ಶತಮಾನದ ಕೆಳದಿಯ ಶಿವಪ್ಪನಾಯಕನನ್ನು ‘ಶಿಸ್ತಿನ ಶಿವಪ್ಪನಾಯಕ’ ಎಂದು ಕರೆಯುವುದು ಅವನು ಕವಾಯತು ಮಾಡಿಸಿದ್ದರಿಂದಲ್ಲ. ನೆಲದ ಗುಣವನ್ನು ನೋಡಿ ಕಂದಾಯವನ್ನು ನಿಗದಿಪಡಿಸಿದ ಅವನ ವ್ಯವಸ್ಥೆಗೆ ಆ ಹೆಸರು. ನಿಗದಿಯೆಂದರೆ ರೈತ ಇಷ್ಟು ಕೊಡಬೇಕು ಎಂಬುದು ಒಂದು ಕಡೆ. ಅದಕ್ಕಿಂತ ಹೆಚ್ಚಿಗೆ ಅರಮನೆ ಕೇಳಬಾರದು ಎಂಬುದು ಇನ್ನೊಂದು ಕಡೆ. ಆ ಅರ್ಥದಲ್ಲಿ ಶಿಸ್ತು ಇಬ್ಬರನ್ನೂ ಕಟ್ಟುತ್ತದೆ. ತರಗತಿಯ ಶಿಸ್ತಿನ ಬಗೆಗೆ ಮಾತನಾಡುವಾಗ ನಾವು ಮೊದಲ ಅರ್ಧವನ್ನು ಮಾತ್ರ ಉಳಿಸಿಕೊಂಡಂತಿದೆ. ವಿದ್ಯಾರ್ಥಿ ಏನು ಕೊಡಬೇಕೆಂಬುದಕ್ಕೆ ನಿಯಮಾವಳಿಗಳಿವೆ. ಅಧ್ಯಾಪಕ ಏನನ್ನು ಕೇಳಬಾರದು ಎಂಬುದಕ್ಕೆ ನಮ್ಮಲ್ಲಿ ಶಿಸ್ತಿಲ್ಲ.

ಹಾಗೆಯೇ ‘ಮರ್ಯಾದೆ’. ಸಂಸ್ಕೃತದಲ್ಲಿ ಅದರ ಮೂಲಾರ್ಥ ಎಲ್ಲೆ, ಗಡಿ. ‘ನಾಲ್ಕು ಜನರೆದುರು ಮರ್ಯಾದೆ ತೆಗೆದರೆ ತಾನೇ ಬುದ್ಧಿ ಬರುತ್ತದೆ’ ಎಂಬ ಮಾತನ್ನು ಅಧ್ಯಾಪಕರ ಕೊಠಡಿಗಳಲ್ಲಿ ಕೇಳದವರು ಯಾರು? ಒಬ್ಬ ವ್ಯಕ್ತಿಯ ಸುತ್ತಲಿನ ಎಲ್ಲೆಯನ್ನು ತೆಗೆದುಹಾಕುವುದೆಂದೇ ಅದರ ಅರ್ಥವೆಂಬುದು ಆಡುವವರ ಗಮನಕ್ಕೆ ಬಂದಿರಲಾರದು. ‘ಖಾಸಗಿ’ ಎಂಬ ಪದ ಅರಬ್ಬಿ ಪಾರಸಿಗಳ ಮೂಲಕ ಬಂದದ್ದು, ಆದ್ದರಿಂದ ಈ ಪರಿಕಲ್ಪನೆಯೇ ನಮ್ಮದಲ್ಲ ಎಂದು ವಾದಿಸುವವರಿದ್ದಾರೆ. ಪದ ಎಲ್ಲಿಂದ ಬಂದರೇನು, ‘ಮಾನ’, ‘ಗುಟ್ಟು’, ‘ಏಕಾಂತ’, ‘ಅಂತರಂಗ’ ಎಂಬ ಇಷ್ಟು ಮಾತುಗಳನ್ನು ಬಳಸಿಕೊಂಡು ಬಂದ ಜನಕ್ಕೆ ಹೊರಗಿನ ಕಣ್ಣು ಹೋಗಬಾರದ ಜಾಗವೊಂದು ಇದೆಯೆಂಬ ಅರಿವು ಇರಲಿಲ್ಲವೆನ್ನುವುದು ಭಾಷೆಗೇ ವಿರುದ್ಧವಾದ ವಾದ.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಂಭೀರವಾದದ್ದು. ಹಳ್ಳಿಗಳಲ್ಲಿ ಎಲ್ಲರ ಮನೆಯ ಸುದ್ದಿಯೂ ಎಲ್ಲರಿಗೂ ಗೊತ್ತು. ಅಂಥ ಕಡೆಯಿಂದ ಬಂದ ಮಕ್ಕಳಿಗೆ ಖಾಸಗಿತನದ ಮಾತು ಪಟ್ಟಣದ ಮಧ್ಯಮವರ್ಗದ ಸೊಗಸು ಎಂಬುದು. ಗೊತ್ತಿರುವುದು ಬೇರೆ, ಮುಖದೆದುರು ಹೇಳುವುದು ಬೇರೆ ಎಂಬ ವಿವೇಕ ಹಳ್ಳಿಗೆ ಇದೆ. ಕಟ್ಟೆಯ ಮೇಲೆ ಕುಳಿತವರಿಗೆ ಎದುರಿನ ಮನೆಯ ಸಂಕಟ ಪೂರ್ತಿಯಾಗಿ ತಿಳಿದಿದ್ದರೂ ಆ ಮನೆಯವನು ಬಂದು ಕುಳಿತಾಗ ಮಾತು ಮಳೆ ಬೆಳೆಯ ಕಡೆಗೆ ಹೊರಳುತ್ತದೆ. ಹಳ್ಳಿ ಕ್ರೂರವಾಗಿಯೂ ಇರಬಲ್ಲದು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅದರ ಕ್ರೌರ್ಯವನ್ನೇ ಮಾದರಿಯಾಗಿಟ್ಟುಕೊಂಡು, ಅದರ ಸಂಯಮವನ್ನು ಮರೆಯುವುದು ಯಾವ ನ್ಯಾಯ? ಅಲ್ಲದೆ ಇಂದಿನ ಕುರೆಕುಪ್ಪವಾಗಲಿ ತೋರಣಗಲ್ಲಾಗಲಿ ಆ ಹಳೆಯ ಅರ್ಥದ ಹಳ್ಳಿಗಳಲ್ಲ. ತಿಂಗಳ ಬಾಡಿಗೆಯ ಮೇಲೆ ನಿಂತ ಬದುಕಿನಲ್ಲಿ ಪಕ್ಕದ ಕೋಣೆಯವನು ಅಪರಿಚಿತ. ಅಲ್ಲಿ ಒಂದು ಸುದ್ದಿ ಹೊರಬಿದ್ದರೆ ಅದನ್ನು ತಾಳಿಕೊಳ್ಳಲು ಬಂಧುಬಳಗದ ಆಸರೆಯೂ ಇರುವುದಿಲ್ಲ.

ಹಿಂದಿನ ಕೂಲಿಮಠಗಳಲ್ಲಿ ಕೋದಂಡ, ಬಸ್ಕಿ, ಬೆತ್ತಗಳಿದ್ದವು. ಅವು ಮೈಯನ್ನು ದಂಡಿಸುತ್ತಿದ್ದವು. ೨೦೦೯ರ ಶಿಕ್ಷಣ ಹಕ್ಕು ಕಾಯಿದೆಯ ೧೭ನೆಯ ಪ್ರಕರಣವು ದೈಹಿಕ ಶಿಕ್ಷೆಯ ಜೊತೆಗೆ ಮಾನಸಿಕ ಕಿರುಕುಳವನ್ನೂ ನಿಷೇಧಿಸಿತು. ಬೆತ್ತ ಬಹುಮಟ್ಟಿಗೆ ಹೋಯಿತು. ಅದು ಬಿಟ್ಟುಹೋದ ಜಾಗಕ್ಕೆ ಬಂದದ್ದು ಬಯಲು ಮಾಡುವ ಶಿಕ್ಷೆ. ಶುಲ್ಕ ಬಾಕಿ ಇರುವವರ ಹೆಸರನ್ನು ಓದುವುದು, ಕಡಿಮೆ ಅಂಕ ಪಡೆದವರನ್ನು ಎದ್ದು ನಿಲ್ಲಿಸುವುದು, ಹಾಜರಿ ಕೊರತೆಯ ಪಟ್ಟಿಯನ್ನು ಸೂಚನಾಫಲಕಕ್ಕೆ ಅಂಟಿಸಿ ಅದರ ಚಿತ್ರವನ್ನು ವಾಟ್ಸ್‌ಆ್ಯಪ್ ಗುಂಪಿಗೂ ಹಾಕುವುದು. ಮಿಶೆಲ್ ಫುಕೊ ೧೯೭೫ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಸೆರೆಮನೆಯ ಜೊತೆಗೆ ಶಾಲೆಯನ್ನೂ ಇಟ್ಟು ನೋಡಿದ್ದನ್ನು ನಮ್ಮ ವಿಚಾರ ಸಂಕಿರಣಗಳಲ್ಲಿ ಎಷ್ಟು ಬಾರಿ ಉದ್ಧರಿಸಿಲ್ಲ! ಕಣ್ಗಾವಲಿನ ಸಂಕಥನದ ಬಗ್ಗೆ ಪ್ರಬಂಧ ಮಂಡಿಸಿ ಬಂದ ಮರುದಿನವೇ ನಾವು ಈ ಪಟ್ಟಿಗಳಿಗೆ ಸಹಿ ಹಾಕುತ್ತೇವೆ.

ಬಯಲು ಮಾಡುವ ಶಿಕ್ಷೆ ಎಲ್ಲಿಗೆ ಮುಟ್ಟಬಲ್ಲದು ಎಂಬುದಕ್ಕೆ ಈಚಿನ ಎರಡು ಪ್ರಸಂಗಗಳಿವೆ. ೨೦೨೨ರ ನವೆಂಬರ್ ಕೊನೆಯಲ್ಲಿ ಬೆಂಗಳೂರಿನ ಕೆಲವು ಖಾಸಗಿ ಶಾಲೆಗಳಲ್ಲಿ ಮೊಬೈಲ್ ಪತ್ತೆಗಾಗಿ ಮಕ್ಕಳ ಚೀಲಗಳನ್ನು ತಪಾಸಣೆ ಮಾಡಲಾಯಿತು. ಸಿಗರೇಟು, ಲೈಟರು, ಕಾಂಡೋಮು, ಗರ್ಭನಿರೋಧಕ ಮಾತ್ರೆಗಳು ದೊರೆತವೆಂಬ ಸುದ್ದಿ ದೇಶದ ತುಂಬ ಹರಡಿತು. ಮಕ್ಕಳನ್ನು ಅಮಾನತು ಮಾಡದೆ ಆಪ್ತಸಮಾಲೋಚನೆಗೆ ಕಳುಹಿಸುವಂತೆ ಪಾಲಕರಿಗೆ ಹೇಳಲಾಯಿತೆಂಬುದು ಮೆಚ್ಚಬೇಕಾದ ಅಂಶ. ಆದರೆ ಹುಡುಕಿದ್ದು ಮೊಬೈಲನ್ನು. ಹೊರಬಂದದ್ದು, ಪಟ್ಟಿಯಾದದ್ದು, ಮನೆಮನೆಯ ಚರ್ಚೆಯಾದದ್ದು ಬೇರೆಯದು. ಆ ಶಾಲೆಗಳ ಎಂಟು, ಒಂಬತ್ತು ಮತ್ತು ಹತ್ತನೆಯ ತರಗತಿಗಳ ಪ್ರತಿಯೊಬ್ಬ ವಿದ್ಯಾರ್ಥಿಯೂ ಅಂದು ಶಂಕೆಗೆ ಒಳಗಾದ. ಒಂದು ವಸ್ತುವನ್ನು ಹುಡುಕಲು ಹೊರಟವರು ಕಣ್ಣಿಗೆ ಬಿದ್ದುದನ್ನೆಲ್ಲ ಬಳಸಿಕೊಳ್ಳುವುದು ಪೊಲೀಸರ ಕ್ರಮವಾದೀತು, ಅಧ್ಯಾಪಕರದಲ್ಲ. ಎರಡನೆಯ ಪ್ರಸಂಗವನ್ನು ಬರೆಯಲು ಕೈ ಹಿಂಜರಿಯುತ್ತದೆ. ೨೦೨೪ರ ಮಾರ್ಚ್‌ನಲ್ಲಿ ಬಾಗಲಕೋಟೆ ಜಿಲ್ಲೆಯ ಪ್ರೌಢಶಾಲೆಯೊಂದರಲ್ಲಿ ಹಣ ಕಾಣೆಯಾಯಿತೆಂದು ವಿದ್ಯಾರ್ಥಿನಿಯೊಬ್ಬಳ ಮೈ ತಪಾಸಣೆ ನಡೆಸಿದ ಆರೋಪ ಕೇಳಿಬಂತು. ಆ ಮಗು ಪ್ರಾಣ ಕಳೆದುಕೊಂಡಿತು. ಕಾಣೆಯಾದದ್ದೆಂದು ವರದಿಯಾದ ಹಣ ೨,೦೦೦ ರೂಪಾಯಿ.

ಇಂಥ ಅತಿರೇಕಗಳನ್ನು ಓದಿ ನಾವು ಅಂಥವರಲ್ಲವೆಂದು ಸಮಾಧಾನಪಟ್ಟುಕೊಳ್ಳುವುದು ಸುಲಭ. ಆದರೆ ನಾವೆಲ್ಲರೂ ತೀರ ಸಾಧು ಕ್ರಮವೆಂದು ಭಾವಿಸಿರುವ ಒಂದನ್ನು ನೋಡೋಣ: ಮನೆಗೆ ಫೋನ್ ಮಾಡುವುದು. ಪದವಿ ಕಾಲೇಜಿನ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ೧೮ ದಾಟಿದವರು. ಕಾನೂನಿನ ದೃಷ್ಟಿಯಲ್ಲಿ ವಯಸ್ಕರು, ಮತದಾರರು. ಆದರೂ ಹುಡುಗಿಯೊಬ್ಬಳು ಎರಡು ಅವಧಿ ತಪ್ಪಿಸಿಕೊಂಡು ಬಸ್ ನಿಲ್ದಾಣದಲ್ಲಿ ಸಹಪಾಠಿಯೊಡನೆ ಕುಳಿತದ್ದು ಕಂಡರೆ ‘ನಿಮ್ಮ ತಂದೆಗೆ ತಿಳಿಸುತ್ತೇನೆ’ ಎನ್ನುವುದು ನಮಗೆ ಬೆತ್ತಕ್ಕಿಂತ ಹಗುರವಾದ ಶಿಕ್ಷೆಯಾಗಿ ತೋರುತ್ತದೆ. ನಮ್ಮ ಭಾಗದಲ್ಲಿ ಆ ಒಂದು ಫೋನಿನ ಪರಿಣಾಮವನ್ನು ಬಲ್ಲವರು ಹಾಗೆ ಭಾವಿಸಲಾರರು. ಮರುವಾರದಿಂದ ಅವಳ ಜಾಗ ಖಾಲಿ ಬೀಳುತ್ತದೆ. ಮೂರು ತಿಂಗಳಿಗೆ ಲಗ್ನಪತ್ರಿಕೆ ಬರುತ್ತದೆ. ಅಧ್ಯಾಪಕರ ಹೆಸರನ್ನೂ ಬರೆದೇ ಕಳುಹಿಸಿರುತ್ತಾರೆ. ಹುಡುಗ ಬೇರೆ ಜಾತಿಯವನೋ ಧರ್ಮದವನೋ ಆಗಿದ್ದರೆ ಇನ್ನೂ ಏನೇನು ಆಗಬಹುದೆಂಬುದನ್ನು ಪತ್ರಿಕೆ ಓದುವವರಿಗೆ ನಾನು ಹೇಳಬೇಕಿಲ್ಲ. ಎರಡು ಅವಧಿಯ ಗೈರುಹಾಜರಿಗೆ ಒಂದು ವಿದ್ಯಾಭ್ಯಾಸವನ್ನೇ ದಂಡವಾಗಿ ಕಟ್ಟಿಸಿಕೊಳ್ಳುವುದು ಯಾವ ಶಿಸ್ತಿನ ಲೆಕ್ಕ? ಅವಧಿ ತಪ್ಪಿಸಿದ್ದಕ್ಕೆ ಹಾಜರಿ ಕಳೆಯಲಿ, ಆಂತರಿಕ ಅಂಕದಲ್ಲಿ ಅದು ಕಾಣಲಿ, ಅವಳನ್ನು ಕರೆದು ಗದರಿಸಲಿ. ಆಕೆ ಯಾರೊಡನೆ ಕುಳಿತಿದ್ದಳೆಂಬುದು ಹಾಜರಿ ಪುಸ್ತಕದ ಅಂಕಣವಲ್ಲ.

ಕನ್ನಡ ಅಧ್ಯಾಪಕರಾದ ನಮಗೆ ಈ ವಿಷಯದಲ್ಲಿ ಉಳಿದವರಿಗಿಂತ ಹೆಚ್ಚಿನ ಹೊಣೆಯಿದೆ. ಗಣಿತದ ಅಧ್ಯಾಪಕನಿಗೆ ವಿದ್ಯಾರ್ಥಿಯ ಮನೆ ಕಾಣುವುದಿಲ್ಲ. ನಮಗೆ ಕಾಣುತ್ತದೆ. ‘ನನ್ನ ಬಾಲ್ಯ’, ‘ನಾನು ಮರೆಯಲಾರದ ಘಟನೆ’, ‘ನನ್ನ ಅವ್ವ’ ಎಂದು ಪ್ರಬಂಧ ಬರೆಯಿಸುವವರು ನಾವು. ಐವತ್ತರಲ್ಲಿ ನಲವತ್ತೈದು ಗೈಡಿನಿಂದ ಇಳಿಸಿದ್ದಾಗಿರುತ್ತವೆ. ಉಳಿದ ಐದರಲ್ಲಿ ಕುಡಿದು ಬಂದ ಅಪ್ಪ, ಮಾರಿದ ಎತ್ತು, ಗಣಿಯ ಕೆಲಸ ನಿಂತ ವರ್ಷದ ಸಾಲ, ಮನೆ ಬಿಟ್ಟುಹೋದ ಅಕ್ಕ ಇರುತ್ತಾರೆ. ೨೦೧೧ರ ಜುಲೈನಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿದ ಮೇಲೆ ಕೆಲವು ವರ್ಷ ನಮಗೆ ಬಂದ ಪ್ರಬಂಧಗಳನ್ನು ಕೂಡಿಸಿಟ್ಟಿದ್ದರೆ ಅದೇ ಒಂದು ಸಾಮಾಜಿಕ ಚರಿತ್ರೆಯಾಗುತ್ತಿತ್ತು. ಇಲ್ಲೇ ಸಂಶೋಧಕನ ಆಸೆ ಕೆರಳುವುದು. ಚೆನ್ನಾಗಿ ಬರೆದ ಹುಡುಗಿಯ ಪ್ರಬಂಧವನ್ನು ಮೆಚ್ಚುಗೆಯಿಂದಲೇ ತರಗತಿಯಲ್ಲಿ ಓದಿ ಹೇಳುತ್ತೇವೆ, ಅವಳನ್ನು ಕೇಳುವುದಿಲ್ಲ. ವಿದ್ಯಾರ್ಥಿಗಳ ಬರವಣಿಗೆಯ ಸಾಲುಗಳನ್ನು ಉಪಭಾಷೆಯ ಅಧ್ಯಯನಕ್ಕೋ ಸ್ತ್ರೀವಾದಿ ಪ್ರಬಂಧಕ್ಕೋ ಸಾಮಗ್ರಿಯಾಗಿ ಬಳಸಿ, ಅಡಿಯಲ್ಲಿ ಊರಿನ ಹೆಸರನ್ನೂ ಹಾಕುತ್ತೇವೆ. ಒಂದು ಊರು, ಒಂದು ತರಗತಿ, ಒಂದು ಘಟನೆ ಸಿಕ್ಕರೆ ಹೆಸರು ಪತ್ತೆ ಮಾಡುವುದಕ್ಕೆ ಎಷ್ಟು ಹೊತ್ತು ಬೇಕು? ಜಾನಪದ ಕ್ಷೇತ್ರಕಾರ್ಯದಲ್ಲಿ ವಕ್ತೃವಿನ ಒಪ್ಪಿಗೆಯ ಬಗ್ಗೆ ನಾವು ಪಾಠ ಹೇಳುತ್ತೇವೆ. ಎದುರಿನ ಬೆಂಚಿನ ಮೇಲಿರುವವರೂ ವಕ್ತೃಗಳೇ ಎಂಬುದು ಹೊಳೆಯುವುದಿಲ್ಲ.

ಇದಕ್ಕಿಂತ ಸೂಕ್ಷ್ಮವಾದದ್ದು ‘ನಿಮ್ಮ ಮನೆದೇವರು ಯಾವುದು?’ ಎಂಬ ಪ್ರಶ್ನೆ. ಗ್ರಾಮದೈವಗಳ ಪಾಠ ಮಾಡುವಾಗ ತರಗತಿಯನ್ನು ಚುರುಕುಗೊಳಿಸಲು ನಾನೇ ಹತ್ತಾರು ಬಾರಿ ಕೇಳಿದ್ದೇನೆ. ಮನೆದೇವರ ಹೆಸರು, ಹಬ್ಬದ ಅಡುಗೆ, ಮದುವೆಯ ಶಾಸ್ತ್ರ, ಬೆಡಗು, ಇವೆಲ್ಲ ಜಾನಪದ ಸಾಮಗ್ರಿಯಾಗಿರುವಂತೆಯೇ ಜಾತಿಯ ಗುರುತುಚೀಟಿಗಳೂ ಹೌದು. ಉತ್ಸಾಹದಿಂದ ಕೈ ಎತ್ತುವವರು ಯಾರು, ತಲೆ ತಗ್ಗಿಸುವವರು ಯಾರು ಎಂಬುದನ್ನು ಒಂದು ದಿನ ಎಣಿಸಿ ನೋಡಿದರೆ ಪಾಠಕ್ಕಿಂತ ಹೆಚ್ಚಿನದು ತಿಳಿಯುತ್ತದೆ. ವಿದ್ಯಾರ್ಥಿವೇತನದ ಹೊತ್ತಿಗೆ ‘ಎಸ್‌ಸಿ, ಎಸ್‌ಟಿಯವರು ಎದ್ದು ನಿಲ್ಲಿ’ ಎನ್ನುವುದಂತೂ ಇನ್ನೂ ನಿಂತಿಲ್ಲ. ಅರವಿಂದ ಮಾಲಗತ್ತಿಯವರ ‘ಗೌರ್ಮೆಂಟ್ ಬ್ರಾಹ್ಮಣ’ವನ್ನು ಪಠ್ಯವಾಗಿ ಬೋಧಿಸುವಾಗ ಕಣ್ಣು ಒದ್ದೆಯಾಗುವ ನಮಗೆ, ಅದೇ ತರಗತಿಯಲ್ಲಿ ಅದೇ ವಾರ ಈ ಆದೇಶ ಕೊಡುವಾಗ ದನಿ ನಡುಗುವುದಿಲ್ಲ. ಒಂದು ಚೀಟಿಯಲ್ಲಿ ಬರೆದು ತೂರಿಸಿದರೆ ಮುಗಿಯುವ ಕೆಲಸ ಅದು.

ಕಾನೂನಿನ ಮಾತನ್ನು ಚುಟುಕಾಗಿ ಮುಗಿಸುತ್ತೇನೆ. ಅದು ನನ್ನ ಕ್ಷೇತ್ರವಲ್ಲ. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ ೨೦೧೭ರ ಆಗಸ್ಟ್ ೨೪ರಂದು ಸುಪ್ರೀಂ ಕೋರ್ಟಿನ ೯ ನ್ಯಾಯಮೂರ್ತಿಗಳ ಪೀಠವು ಖಾಸಗಿತನವು ಮೂಲಭೂತ ಹಕ್ಕೆಂದು ಒಮ್ಮತದಿಂದ ತೀರ್ಪು ನೀಡಿತು. ಭಾರತವು ೧೯೯೨ರಲ್ಲಿ ಒಪ್ಪಿಕೊಂಡ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯು ಮಗುವಿನ ಖಾಸಗಿತನವನ್ನೂ, ಶಾಲಾ ಶಿಸ್ತು ಮಗುವಿನ ಘನತೆಗೆ ಹೊಂದುವಂತಿರಬೇಕೆಂಬುದನ್ನೂ ಹೇಳಿತ್ತು. ೨೦೨೩ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯು ೧೮ರ ಒಳಗಿನವರ ವರ್ತನೆಯ ಮೇಲೆ ನಿಗಾ ಇಡುವುದನ್ನು ತಡೆಯುತ್ತದೆ. ಆದರೆ ೨೦೨೫ರ ನಿಯಮಗಳಲ್ಲಿ ಶಿಕ್ಷಣ ಸಂಸ್ಥೆಗಳಿಗೆ ಕಲಿಕೆಯ ಮತ್ತು ಸುರಕ್ಷತೆಯ ಕಾರಣಕ್ಕೆ ವಿನಾಯಿತಿ ದೊರೆತಿದೆ. ಆ ವಿನಾಯಿತಿಯ ಕಿಂಡಿ ಎಷ್ಟು ಅಗಲವೆಂಬುದು ಮುಂದೆ ತಿಳಿಯಬೇಕು. ದೆಹಲಿಯಲ್ಲಿ ೨೦೧೯ರಲ್ಲಿ ಸರ್ಕಾರಿ ಶಾಲೆಗಳ ತರಗತಿಗಳಿಗೆ ಕ್ಯಾಮೆರಾ ಹಾಕಿ ಪಾಲಕರು ತಮ್ಮ ಮೊಬೈಲಿನಲ್ಲಿ ನೋಡುವಂತೆ ಮಾಡುವ ಯೋಜನೆ ಆರಂಭವಾದಾಗ ಅದು ನ್ಯಾಯಾಲಯದ ಮೆಟ್ಟಿಲೇರಿತು. ನಮ್ಮ ರಾಜ್ಯ ೨೦೨೫ರಲ್ಲಿ ಶಾಲಾ ಮಕ್ಕಳ ಮುಖಚಹರೆಯಿಂದ ಹಾಜರಿ ಪಡೆಯುವ ವ್ಯವಸ್ಥೆಗೆ ಮುಂದಾದಾಗಲೂ ಆಕ್ಷೇಪಗಳು ಬಂದವು. ಕ್ಯಾಮೆರಾದ ಬಗ್ಗೆ ನನಗೂ ಅನುಮಾನಗಳಿವೆ. ಆದರೆ ಕ್ಯಾಮೆರಾವನ್ನು ವಿರೋಧಿಸುವ ಮನವಿಗೆ ಸಹಿ ಹಾಕುವುದು ನಮಗೆ ಸುಲಭ, ಏಕೆಂದರೆ ಅದನ್ನು ಹಾಕುವವರು ಬೇರೆಯವರು. ಅಧ್ಯಾಪಕನ ನಾಲಗೆಗೆ ಯಾವ ಮನವಿಯೂ ಅನ್ವಯಿಸುವುದಿಲ್ಲ.

ಖಾಸಗಿತನದ ಹೆಸರಿನಲ್ಲಿ ಎಲ್ಲವನ್ನೂ ಮುಚ್ಚಿಡಬೇಕೆ ಎಂದು ಕೇಳಬಹುದು. ಖಂಡಿತ ಇಲ್ಲ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ತಿಳಿದರೆ ೨೦೧೨ರ ಪೋಕ್ಸೊ ಕಾಯಿದೆಯ ೧೯ನೆಯ ಪ್ರಕರಣದಂತೆ ಪೊಲೀಸರಿಗೆ ತಿಳಿಸಲೇಬೇಕು, ತಿಳಿಸದಿರುವುದೇ ಅಪರಾಧ. ರ್‍ಯಾಗಿಂಗ್, ಜೀವ ಕಳೆದುಕೊಳ್ಳುವ ಮಾತು, ಮನೆಯಲ್ಲಿ ಹೊಡೆತ, ಇವನ್ನು ವಿದ್ಯಾರ್ಥಿ ‘ಯಾರಿಗೂ ಹೇಳಬೇಡಿ ಸರ್’ ಎಂದು ಅಂಗಲಾಚಿದರೂ ಎದೆಯಲ್ಲಿ ಇಟ್ಟುಕೊಂಡು ಕೂರುವಂತಿಲ್ಲ. ‘ಇದನ್ನು ನಾನೊಬ್ಬನೇ ಇಟ್ಟುಕೊಳ್ಳಲಾರೆ, ಯಾರಿಗೆ ಹೇಳಬೇಕೆಂಬುದನ್ನು ಇಬ್ಬರೂ ಕೂಡಿ ಯೋಚಿಸೋಣ’ ಎಂದು ಹೇಳಬಹುದು. ತಿಳಿಸಬೇಕಾದ ಒಬ್ಬರಿಗೆ ತಿಳಿಸುವುದಕ್ಕೂ ಅಧ್ಯಾಪಕರ ಕೊಠಡಿಯಲ್ಲಿ ಚಹಾದ ಜೊತೆಗೆ ಹಂಚಿಕೊಳ್ಳುವುದಕ್ಕೂ ಇರುವ ಅಂತರವನ್ನು ನಾವು ಬಲ್ಲೆವು. ವಿಪರ್ಯಾಸವೆಂದರೆ ನಮ್ಮ ಸಂಸ್ಥೆಗಳು ಗೋಪ್ಯತೆಯನ್ನು ಪಾಲಿಸುವುದು ಬಹುತೇಕ ತಲೆಕೆಳಗಾಗಿ. ಬಡ ವಿದ್ಯಾರ್ಥಿಯ ಶುಲ್ಕದ ಬಾಕಿ ಫಲಕದ ಮೇಲೆ ಇರುತ್ತದೆ. ಸಿಬ್ಬಂದಿಯೊಬ್ಬನ ಮೇಲೆ ಬಂದ ದೂರು ಮಾತ್ರ ‘ಸಂಸ್ಥೆಯ ಮರ್ಯಾದೆ’ಯ ಹೆಸರಿನಲ್ಲಿ ಬೀರುವಿನೊಳಗೆ ಸೇರುತ್ತದೆ. ಖಾಸಗಿತನ ಇರುವುದು ದುರ್ಬಲನಿಗಾಗಿ. ಸಂಸ್ಥೆಗೆ ಇರಬೇಕಾದದ್ದು ಉತ್ತರದಾಯಿತ್ವ.

ತೊಂಬತ್ತು ವಿದ್ಯಾರ್ಥಿಗಳ ತರಗತಿಯಲ್ಲಿ, ಅತಿಥಿ ಉಪನ್ಯಾಸಕನ ಸಂಬಳದಲ್ಲಿ, ದಿನಕ್ಕೆ ನಾಲ್ಕು ಅವಧಿ ಪಾಠ ಮಾಡುವವನಿಗೆ ಒಬ್ಬೊಬ್ಬರನ್ನೇ ಕರೆದು ಮಾತನಾಡಿಸಲು ಹೊತ್ತೆಲ್ಲ ಎಂಬ ಮಾತು ನಿಜ. ನನ್ನ ಅನುಭವದಲ್ಲಿ ಎಲ್ಲರೆದುರು ಕೇಳಿದ ಪ್ರಶ್ನೆಯೇ ಹೆಚ್ಚು ಹೊತ್ತು ತಿಂದಿದೆ. ಗದ್ದಲ ಮಾಡುವವನಿಗೆ ಎಲ್ಲರೆದುರು ‘ಸುಮ್ಮನಿರು’ ಎನ್ನಬೇಕು. ಗದ್ದಲ ಎಲ್ಲರದು, ಅದಕ್ಕೆ ಮರೆ ಬೇಕಿಲ್ಲ. ‘ಯಾಕೆ ಹೀಗಾಡುತ್ತೀಯೆ?’ ಎಂಬುದನ್ನು ಅವಧಿ ಮುಗಿದ ಮೇಲೆ, ಜಗುಲಿಯಲ್ಲಿ, ಎರಡು ನಿಮಿಷ ನಿಂತು ಕೇಳಿದರಾಯಿತು. ಹೇಳದಿದ್ದರೆ ಬಿಟ್ಟರಾಯಿತು. ಹಾಜರಿ ಪುಸ್ತಕದ ಅಂಚಿನಲ್ಲಿ ಪೆನ್ಸಿಲಿನಿಂದ ‘ತಾಯಿ ಇಲ್ಲ’, ‘ಲವ್ ಕೇಸ್’, ‘ಮನೆಯಲ್ಲಿ ಜಗಳ’ ಎಂದೆಲ್ಲ ಗುರುತು ಹಾಕಿಕೊಳ್ಳುವ ರೂಢಿ ಕೆಲವು ಹಿರಿಯರಲ್ಲಿತ್ತು, ಕಾಳಜಿಯಿಂದಲೇ ಹಾಕುತ್ತಿದ್ದರು. ಆ ಪುಸ್ತಕ ಮುಂದಿನ ವರ್ಷ ಯಾರ ಕೈಗೆ ಹೋಗುತ್ತದೆ ಎಂಬುದನ್ನು ಅವರು ಯೋಚಿಸಿರಲಿಲ್ಲ. ಗುರುತು ಹಾಕದೆ ನೆನಪಿಟ್ಟುಕೊಳ್ಳಲಾಗದಷ್ಟು ಸಂಗತಿಗಳನ್ನು ನಾವು ತಿಳಿಯಬೇಕಾಗಿಯೇ ಇಲ್ಲವೇನೋ.

ಆ ಹುಡುಗ ಹದಿನೈದು ದಿನಗಳ ಮೇಲೆ ಮರಳಿ ಬಂದು ಕೊನೆಯ ಬೆಂಚಿನಲ್ಲಿ ಕುಳಿತ. ನಾನು ಕೇಳಲಿಲ್ಲ, ಅವನು ಹೇಳಲಿಲ್ಲ. ಕ್ಷಮೆ ಕೇಳಬೇಕೆಂದು ಎರಡು ಸಲ ಕರೆದೆ. ಕ್ಷಮೆ ಕೇಳಿದರೆ ನನಗೆ ವಿಷಯ ಗೊತ್ತೆಂದು ಅವನಿಗೆ ತಿಳಿದುಬಿಡುತ್ತದಲ್ಲ ಎನಿಸಿ ಟಿಪ್ಪಣಿ ಪುಸ್ತಕದ ಮಾತಾಡಿ ಕಳುಹಿಸಿದೆ. ಪದವಿ ಮುಗಿಸಿದ.

ನಮ್ಮ ವಿಭಾಗದಲ್ಲಿ ಈಗ ಅರ್ಜಿಗಳನ್ನು ನಾವು ಕೇಳಿ ತುಂಬುವುದನ್ನು ಬಿಟ್ಟಿದ್ದೇವೆ. ವಿದ್ಯಾರ್ಥಿಗಳಿಗೇ ಕೊಟ್ಟು, ತುಂಬಿ ಮಡಿಚಿ ತಂದುಕೊಡಿ ಎನ್ನುತ್ತೇವೆ. ತಪ್ಪುಗಳು ಹೆಚ್ಚಾಗಿವೆ, ತಿದ್ದುವ ಕೆಲಸವೂ ಹೆಚ್ಚಾಗಿದೆ. ಈ ವರ್ಷ ಬಂದವುಗಳಲ್ಲಿ ಎರಡರಲ್ಲಿ ತಂದೆಯ ಹೆಸರಿನ ಅಂಕಣ ಖಾಲಿ ಇತ್ತು, ತಾಯಿಯ ಹೆಸರು ದುಂಡಗೆ ಬರೆದಿತ್ತು. ಕಚೇರಿಯಿಂದ ‘ಅಪೂರ್ಣ’ ಎಂಬ ಷರಾದೊಡನೆ ಅವೆರಡೂ ವಾಪಸು ಬಂದಿವೆ. ಆ ವಿದ್ಯಾರ್ಥಿಗಳನ್ನು ಕರೆಯದೆ ನಾವೇ ಪ್ರಾಂಶುಪಾಲರಿಗೆ ಪತ್ರ ಬರೆದು, ಹೊಸ ಶಾಸನದ ಪ್ರತಿಯನ್ನು ಲಗತ್ತಿಸಿ ಕಳುಹಿಸಿದ್ದೇವೆ. ಉತ್ತರ ಬರಬೇಕಾಗಿದೆ.